ಸೇವಂತಿಗೆಗೆ ಹಿಡಿದ ತಾಂಬೇರಾ

ಪುಣೆಗೆ ಬಂದ ಮೊದಲ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಉಪ್ಪಿನ ಭರಣಿಗೆ ಕೈ ಹಾಕಿದರೆ ಒಳಗೆ ನೀರಿತ್ತು. ಯಾರೋ ಚೇಷ್ಟೆ ಮಾಡಿದ್ದಾರೆಂದು ಸಿಟ್ಟಾದೆ. ಯಾರೂ ಮಾಡಿರಲಿಲ್ಲ, ಉಪ್ಪು ತಾನೇ ಕರಗಿತ್ತು. ವಿಜಾಪುರದ ಬಿಸಿಲಲ್ಲಿ ಹುಟ್ಟಿ ಬೆಳೆದವಳಿಗೆ ಗಾಳಿಯಲ್ಲೇ ನೀರಿರುತ್ತದೆ ಎಂದು ಗೊತ್ತಾಗುವುದಾದರೂ ಹೇಗೆ? ನಮ್ಮ ಕಡೆ ಹಪ್ಪಳ ಮೆತ್ತಗಾಗುವುದಿಲ್ಲ, ಒಗೆದ ಬಟ್ಟೆ ಮೂರು ದಿನ ಹಗ್ಗದ ಮೇಲೆ ಕೂಡುವುದಿಲ್ಲ, ಬಾಗಿಲ ಚಿಲಕಕ್ಕೆ ತುಕ್ಕು ಹಿಡಿಯುವುದೂ ಅಪರೂಪ. ಇಲ್ಲಿ ಅದೇ ವಾರ ನನ್ನ ಗಿಡಕ್ಕೇ ತುಕ್ಕು ಹಿಡಿಯಿತು.

ಊರಿನ ಅಕ್ಕತಂಗಿಯರು ನಂಬಲಿಕ್ಕಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ಆ ಗಿಡಕ್ಕಾಗಿ ನಾನು ಜಗಳಾಡಿದ್ದೇನೆ.

ನಮ್ಮವರಿಗೆ ಇಲ್ಲಿಯ ರೈಲ್ವೆ ಮಾಲಿನ ಆಫೀಸಿನಲ್ಲಿ ಕಾರಕೂನಿಕೆ ಸಿಕ್ಕಿತೆಂದು ಬಂದೆವು. ಹಳೆಯ ಪೇಟೆಯ ಒಂದು ವಾಡೆಯಲ್ಲಿ ಎರಡು ಖೋಲಿ ಸಿಕ್ಕವು. ವಾಡೆ ಎಂದರೆ ನಡುವೆ ಕಲ್ಲಿನ ಅಂಗಳ, ಸುತ್ತ ಆರು ಬಿಡಾರ, ಎಲ್ಲರಿಗೂ ಸೇರಿ ಒಂದೇ ನಳ. ನಮ್ಮೂರಿನ ಮನೆಯಲ್ಲಿ ಕೆಮ್ಮಿದರೆ ಗೋಡೆಗೂ ಕೇಳುವುದಿಲ್ಲ, ಇಲ್ಲಿ ಒಗ್ಗರಣೆ ಹಾಕಿದರೆ ಆರು ಮನೆಯವರು ಸೀನುತ್ತಾರೆ. ಮನೆಯೊಡತಿಯನ್ನು ಎಲ್ಲರೂ ಕಾಕೂ ಎನ್ನುತ್ತಾರೆ, ಚಿಕ್ಕಮ್ಮ ಎಂದಂತೆ. ಒಳ್ಳೆಯ ಹೆಂಗಸು, ಆದರೆ ಬಾಯಿ ಬಿಟ್ಟರೆ ತೀರ್ಪು. ಆಕೆಯ ಮಾತೆಲ್ಲ ಮರಾಠಿ. ಅದನ್ನು ನನಗೆ ತಿಳಿದ ಕನ್ನಡದಲ್ಲೇ ಇಲ್ಲಿ ಬರೆಯುತ್ತೇನೆ.

ಬರುವಾಗ ಅವ್ವ ತನ್ನ ಸೇವಂತಿಗೆಯ ಎರಡು ಮರಿಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ರೈಲಿನಲ್ಲಿ ಅವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಕಾಕೂ ತನ್ನ ಮಲ್ಲಿಗೆ ಚಪ್ಪರದ ಮಗ್ಗುಲಲ್ಲಿ ಒಂದು ಮೊಳ ಮಣ್ಣು ತೋರಿಸಿದಳು, ಅಲ್ಲಿ ನೆಟ್ಟೆ. ಎರಡು ಎಂಟಾದವು. ಪ್ರತಿ ಸಂಜೆ ಅವ್ವ ಮಾಡುವ ಹಾಗೆ ತಂಬಿಗೆಯಿಂದ ಗಿಡದ ತಲೆಯ ಮೇಲೆ ನೀರು ಸುರಿದು ಎಲೆಗಳನ್ನೆಲ್ಲ ತೊಳೆಯುತ್ತಿದ್ದೆ. ಗಿಡವೂ ಮಗುವಿನ ಹಾಗೆ, ದಿನಕ್ಕೊಮ್ಮೆ ಎರೆಯಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ.

ಶ್ರಾವಣದ ಆ ವಾರ ಎಲೆ ಮಗುಚಿ ನೋಡಿದರೆ ಅಡಿಯಲ್ಲೆಲ್ಲ ಕಂದು ಗುಳ್ಳೆಗಳು. ಮುಟ್ಟಿದರೆ ಬೆರಳಿಗೆ ಪುಡಿ ಹತ್ತಿತು. ಹಿಂದೆ ಬಂದು ನಿಂತ ಕಾಕೂ ಒಂದೇ ಮಾತು ಹೇಳಿದಳು: "ತಾಂಬೇರಾ." ತಾಮ್ರದ ಬಣ್ಣದ ರೋಗವೆಂದು ಅರ್ಥ. ನಮ್ಮ ಕಡೆ ಗೋಧಿಗೆ ಇಂಥದು ಬಂದರೆ ರೈತರು ಭಂಡಾರ ರೋಗ ಎನ್ನುವುದನ್ನು ಕೇಳಿದ್ದೆ. ಹೂವಿನ ಗಿಡಕ್ಕೆ ಬಂದದ್ದನ್ನು ಕಂಡಿರಲಿಲ್ಲ.

ಕಾಕೂ ತನ್ನ ಮಲ್ಲಿಗೆ ಬಳ್ಳಿಯನ್ನು ಬಗ್ಗಿಸಿ ತೋರಿಸಿದಳು. ಎಳೆಯ ಕುಡಿಗಳು ಬಾತು ಸೊಟ್ಟಗಾಗಿದ್ದವು, ಮೇಲೆ ಹಳದಿ ಪುಡಿ.

"ನೀಲಾಬಾಯಿ, ನಿನ್ನ ಗಿಡ ನಿನ್ನ ಊರಿಂದ ಈ ರೋಗ ತಂದದ. ನನ್ನ ಬಳ್ಳಿಗೂ ಹಚ್ಚೇದ. ಗಣಪತಿ ಬರೂದ್ರಾಗ ಕಿತ್ತು ಒಗಿ."

ಗಣೇಶ ಚೌತಿಗೆ ಇನ್ನು ಹನ್ನೆರಡು ದಿನ ಉಳಿದಿದ್ದವು.

ನಮ್ಮವರು ಆಫೀಸಿನಿಂದ ಬಂದು ಕೇಳಿದರು. "ಕಿತ್ತು ಬಿಡು ಮಾರಾಯ್ತಿ. ಮಂಡಈ ಪ್ಯಾಟ್ಯಾಗ ರಾಶಿ ಶಾವಂತಿಗಿ ಸಿಗ್ತದ. ಒಂದು ಗಿಡದ ಸಲುವಾಗಿ ಮನಿ ಬಿಡಬೇಕೇನು?"

"ಕೀಳೂದಿಲ್ರಿ. ನಿಮಗ ಆಫೀಸ್ನಾಗ ನಾಲ್ಕು ಮಂದಿ ಮಾತಾಡ್ಲಿಕ್ಕೆ ಇದ್ದಾರ. ನನಗ ಯಾರಿದ್ದಾರ ಹೇಳ್ರಿ?"

ನಾನು ಹೇಳಿದ್ದು ನಿಜವೇ ಆಗಿತ್ತು. ಈ ಊರಿಗೆ ಬಂದ ಮೇಲೆ ಒಬ್ಬರೂ ನನ್ನನ್ನು ನೀಲವ್ವ ಎಂದಿರಲಿಲ್ಲ. ನಳದ ಹತ್ತಿರ ನಾನು ಮರಾಠಿ ಆಡಿದರೆ ಮುಸಿ ಮುಸಿ ನಗು. ಜೋಳದ ರೊಟ್ಟಿ ತಟ್ಟುವ ಸಪ್ಪಳಕ್ಕೂ ಬಾಗಿಲಿಗೆ ಬಂದು ಇಣುಕುತ್ತಿದ್ದರು. ಬಹಳ ಒಂಟಿಯಾಗಿದ್ದೆ, ಅದನ್ನು ಮುಚ್ಚಿಡುವುದೇಕೆ? ಆ ಎಂಟು ಗಿಡಗಳು ಹೋದರೆ ಅವ್ವನದು ಎನ್ನಲು ಇಲ್ಲಿ ಏನೂ ಉಳಿಯುತ್ತಿರಲಿಲ್ಲ.

ಮೊದಲು ನನ್ನ ಬುದ್ಧಿಗೆ ಹೊಳೆದ ಉಪಾಯ ಮಾಡಿದೆ. ಒಲೆಯ ಬೂದಿ ಚೆಲ್ಲಿದೆ, ಮಳೆಗೆ ಅದು ಗಾರೆಯ ಹಾಗೆ ಎಲೆಗೆ ಅಂಟಿತು. ರೋಗ ತೊಳೆದು ಹೋಗಲೆಂದು ದಿನಕ್ಕೆ ಎರಡು ಸಲ ಎರೆದೆ. ಮೂರು ದಿನದಲ್ಲಿ ಕಂದು ಗುಳ್ಳೆ ಮೇಲಿನ ಎಲೆಗಳಿಗೂ ಹತ್ತಿತು.

ಕಡೆಗೆ ಒಂದು ಎಲೆಯನ್ನು ಕಾಗದದಲ್ಲಿ ಮಡಚಿ ಮಂಡಈಗೆ, ಅಂದರೆ ಇಲ್ಲಿಯ ದೊಡ್ಡ ಕಾಯಿಪಲ್ಲೆ ಪೇಟೆಗೆ ಹೋದೆ. ಅಲ್ಲಿ ಹೂವು ಮಾರುವ ಒಬ್ಬ ಮಾಳಿ ಮುದುಕಿ ಕೂಡುತ್ತಾಳೆ, ಹಡಪಸರದ ಕಡೆ ಅವಳದೇ ತೋಟ. ಎಲೆ ನೋಡಿ, ನೀರು ಹೇಗೆ ಹಾಕುತ್ತೀ ಎಂದು ಕೇಳಿದಳು. ಕೈಯೆತ್ತಿ ಸುರಿದು ತೋರಿಸಿದೆ. ಮುದುಕಿ ಬುಟ್ಟಿ ಅಲುಗಾಡುವಷ್ಟು ನಕ್ಕಳು.

"ಬಾಯೀ, ಮ್ಯಾಲಿಂದ ಆಕಾಶನ ಎರೀಲಿಕ್ಕತ್ತದ. ಮತ್ತ ನೀ ಬ್ಯಾರೆ ಯಾಕ ಎರೀತಿ?"

ನನಗೂ ನಗು ಬಂತು, ಜೊತೆಗೆ ನಾಚಿಕೆ. ಧೂಳಿನ ಊರಿನಲ್ಲಿ ಗಿಡಕ್ಕೆ ಆರೈಕೆಯಾಗಿದ್ದದ್ದು ತೇವದ ಊರಿನಲ್ಲಿ ರೋಗಕ್ಕೆ ಔತಣವಾಗಿತ್ತು. ಒದ್ದೆ ಎಲೆಯ ಮೇಲೇ ತಾಂಬೇರಾ ಬೆಳೆಯುತ್ತದಂತೆ. ಹತ್ತಿದ ಎಲೆಗಳನ್ನು ಕಿತ್ತು ಸುಡು, ನೆಲಕ್ಕೆ ಬೀಳಿಸಬೇಡ. ಗಿಡಗಳನ್ನು ದೂರ ದೂರ ನೆಡು, ನಡುವೆ ಗಾಳಿಯಾಡಲಿ. ನೀರು ಬೆಳಿಗ್ಗೆ ಮಾತ್ರ, ಅದೂ ಬುಡಕ್ಕೆ. ಎಲೆ ಒಣಗಿದ್ದಾಗ ಗಂಧಕದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬಡಿ ಎಂದಳು. ಎದ್ದು ಹೊರಟ ನಾನು ತಿರುಗಿ, ಇದು ಮಲ್ಲಿಗೆಗೂ ಹತ್ತುತ್ತದೆಯೇ ಎಂದು ಕೇಳಿದೆ.

"ಶೇವಂತಿದು ಶೇವಂತಿಗೇ, ಮಲ್ಲಿಗೀದು ಮಲ್ಲಿಗೀಗೇ. ಒಂದರದು ಒಂದಕ್ಕ ಹತ್ತೂದಿಲ್ಲ. ಬಣ್ಣ ನೋಡು, ತಿಳೀತದ."

ಮರುದಿನ ನಳದ ಹತ್ತಿರ ಎಲ್ಲರೂ ಕೊಡ ಇಟ್ಟುಕೊಂಡು ನಿಂತಿರುವಾಗಲೇ ನಮ್ಮವರ ಹಳೆಯ ಧೋತರದ ಒಂದು ಬಿಳಿಯ ತುಂಡು ತೆಗೆದುಕೊಂಡು ಹೋದೆ. ಒಂದು ಮೂಲೆಗೆ ನನ್ನ ಸೇವಂತಿಗೆಯ ಎಲೆ ಒರೆಸಿದೆ, ಇನ್ನೊಂದು ಮೂಲೆಗೆ ಕಾಕೂನ ಮಲ್ಲಿಗೆಯ ಕುಡಿ. ಒಂದು ಕಡೆ ಕಾಫಿ ಪುಡಿಯ ಬಣ್ಣ, ಇನ್ನೊಂದು ಕಡೆ ಅರಿಸಿನ. ನನಗೆ ಬಂದಷ್ಟು ಮರಾಠಿಯಲ್ಲಿ, ನಗುವವರು ನಗಲಿ ಎಂದುಕೊಂಡು, ಗಟ್ಟಿಯಾಗಿ ಹೇಳಿದೆ:

"ಕಾಕೂ, ನನ್ನ ಗಿಡದ ರೋಗ ನಿಮ್ಮ ಬಳ್ಳಿಗೆ ಹತ್ತಿದ್ರ ಬಣ್ಣ ಒಂದೇ ಇರಬೇಕಿತ್ತು. ನನ್ನ ತಪ್ಪು ನಾ ಒಪ್ಪಿಕೋತೀನಿ, ಎಲಿಗೆ ನೀರು ಹಾಕಿದೆ. ನಿಮ್ಮ ಮಲ್ಲಿಗೀದು ನನ್ನ ತಪ್ಪಲ್ಲ. ಗಿಡ ನಾ ಕೀಳೂದಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ ಯಾವ ಊರಿನಲ್ಲಿದ್ದರೂ ನಾನು ಒಪ್ಪುವವಳಲ್ಲ. ಆ ಗಾದೆಯನ್ನೂ ಹೇಳಬೇಕೆಂದಿದ್ದೆ, ಮರಾಠಿಯಲ್ಲಿ ಎಮ್ಮೆಗೆ ಏನೆನ್ನುವರೋ ಆಗ ನೆನಪಾಗಲಿಲ್ಲ. ಅಂದು ಯಾರೂ ನಗಲಿಲ್ಲ. ಕಾಕೂ ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಗಣಪತಿ ಬರೂತನಕ ನೋಡ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಹತ್ತಿದ ಎಲೆಗಳನ್ನೆಲ್ಲ ಕಿತ್ತು, ನೀರು ಕಾಯಿಸುವ ತಾಮ್ರದ ಬಂಬಿನ ಒಲೆಗೆ ಹಾಕಿದೆ. ಎಂಟು ಗಿಡಗಳು ಬೋಳಾದವು, ನೋಡಿದರೆ ಅಳು ಬರುವ ಹಾಗೆ. ಬಿಸಿಲು ಕಂಡ ಬೆಳಿಗ್ಗೆ ಗಂಧಕ ಬಡಿದೆ. ಮಾರನೆಯ ಮಧ್ಯಾಹ್ನವೇ ಬಿರುಗಾಳಿ ಎದ್ದು, ಎದುರು ಮನೆಯ ತಗಡು ಹಾರಿಸಿ, ಗಂಧಕವನ್ನೆಲ್ಲ ತೊಳೆದು, ಎರಡು ಗಿಡ ಮುರಿದು ಹೋಯಿತು. ಉಳಿದ ಆರಕ್ಕೆ ಕಡ್ಡಿ ನೆಟ್ಟು ಕಟ್ಟಿದೆ. ಎಲೆ ಆರಿದ ಮೇಲೆ ಮತ್ತೆ ಗಂಧಕ ಬಡಿದೆ. ಮತ್ತೆ ಮಳೆ ಬಂತು, ಮತ್ತೆ ಬಡಿದೆ. ಈ ಊರಿನ ಆಕಾಶಕ್ಕೆ ಹಟವಿದ್ದರೆ ನನಗೇನು ಇಲ್ಲವೇ?

ಚೌತಿಯ ಹಿಂದಿನ ದಿನ ಕಾಕೂ ಬಂದು ಒಂದೊಂದು ಗಿಡದ ಚಿಗುರನ್ನೂ ಮಗುಚಿ ನೋಡಿದಳು. ಹೊಸ ಎಲೆಗಳ ಅಡಿ ಹಸಿರಾಗಿತ್ತು. ಕೀಳುವ ಮಾತು ಎತ್ತಲಿಲ್ಲ.

"ನನ್ನ ಬಳ್ಳಿಗೂ ಒಂದಿಷ್ಟು ಬಡಿ" ಎಂದಳು.

"ಮೊದಲಿಗೆ ಬಾತ ಕುಡಿ ಎಲ್ಲಾ ಕೊಯ್ಯಬೇಕಾಗ್ತದ ಕಾಕೂ."

ಆಕೆಯ ಮುಖ ಸಣ್ಣದಾಯಿತು, ಆದರೂ ಒಳಗಿನಿಂದ ಚಾಕು ತಂದುಕೊಟ್ಟಳು. ಕೊಯ್ಯುವಾಗ ನನಗೆ ಸ್ವಲ್ಪ ಹೆಚ್ಚೇ ಖುಷಿಯಾಯಿತೆಂದು ಬರೆದರೆ ಅಕ್ಕತಂಗಿಯರು ಕ್ಷಮಿಸಬೇಕು.

ದೀಪಾವಳಿಯ ಮುಂಚೆ ಅವ್ವನ ಪತ್ರ ಬಂತು. ಅವಳ ಸೇವಂತಿಗೆಯೆಲ್ಲ ಗೆದ್ದಲಿಗೆ ಹೋಗಿತ್ತು, ಬರುವಾಗ ನಾಲ್ಕು ಮರಿ ತಾ ಎಂದು ಬರೆಸಿದ್ದಳು. ಮಾಳಿ ಮುದುಕಿಯನ್ನು ಕೇಳಿದೆ. ಗಿಡ ಗುಣವಾದಂತೆ ಕಂಡರೂ ಮರಿಯಲ್ಲಿ ತಾಂಬೇರಾ ಮಲಗಿರುತ್ತದೆ, ಬೇರೆ ಊರಿಗೆ ಒಯ್ಯಬೇಡ ಎಂದಳು. ಬಿಡಿಸಿದ ಹೂವುಗಳ ಪಕಳೆಗಳನ್ನಷ್ಟೇ, ಒಂದು ಎಲೆಯೂ ಬಾರದ ಹಾಗೆ ಆರಿಸಿ, ಡಬ್ಬಿ ತುಂಬಿ ಹಬ್ಬಕ್ಕೆ ಊರಿಗೆ ಒಯ್ದೆ.

"ಬರೇ ಪಕಳಿ? ಗಿಡ ಎಲ್ಲದ?" ಎಂದಳು ಅವ್ವ.

"ಅಲ್ಲೇ ಅದವ್ವ. ಇಲ್ಲಿಗೆ ತರೂದಿಲ್ಲ."

ಕಾರಣ ಬಿಡಿಸಿ ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಸಂಜೆ ತಂಬಿಗೆ ತೆಗೆದುಕೊಂಡು ಅಂಗಳದ ದಾಸವಾಳದ ತಲೆಯ ಮೇಲೆ ನೀರು ಸುರಿಯತೊಡಗಿದಳು. "ಎಲಿಗೆ ಬ್ಯಾಡವ್ವ" ಎಂದು ಓಡಿ ಅವಳ ಕೈ ಹಿಡಿದೆ. ಅವ್ವ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಬಿದ್ದ ನೀರಿಗೆ ಕೆಂಪು ಧೂಳು ಇಳಿದು ಎಲೆ ಹಸಿರಾಗುತ್ತಿತ್ತು. ಇಲ್ಲಿ ಅವಳದೇ ಸರಿ. ಕೈ ಬಿಟ್ಟೆ.

"ಗಿಡ ನೋಡಬೇಕಂದ್ರ ನೀನ ಪುಣೆಕ್ಕ ಬಾ" ಎಂದೆ.

"ಬರ್ತೀನಿ ತಗೋ. ಆದರ ಅಲ್ಲಿ ನೀರು ನಾನ ಹಾಕಾಕಿ."

"ಬುಡಕ್ಕ ಹಾಕ್ತೀನಿ ಅಂದ್ರ ಬಾ" ಎಂದೆ. ಅವ್ವ ಉಳಿದ ನೀರನ್ನು ದಾಸವಾಳದ ನೆತ್ತಿಗೇ ಸುರಿದಳು.