ಸೆರಗಿಗೆ ಕೊಂಡಿ ಹಾಕುವ ಮುನ್ನ

ಹುನಗುಂದದ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಆ ವಾರದ ಪಾಠ ಅಂತರ್ಯುದ್ಧ ಮುಗಿದ ದೂರದ ಒಂದು ದೇಶದ್ದು. ಅದನ್ನು ಮತ್ತೆ ಕಟ್ಟುವುದು ಹೇಗೆ? ಕೊಂದವರಿಗೆ ಶಿಕ್ಷೆಯಾಗದೆ ಶಾಂತಿಯಿಲ್ಲ ಎನ್ನುವುದು ಅಲ್ಲಿಯ ಒಂದು ಪಕ್ಷದ ವಾದ. ಮೊದಲು ಎರಡೂ ಬಣ ಕೂಡಿ ಸರಕಾರ ಮಾಡಲಿ, ರಸ್ತೆ, ಶಾಲೆ ಆಗಲಿ, ವಿಚಾರಣೆ ಆಮೇಲೆ ಎನ್ನುವುದು ಇನ್ನೊಂದರದ್ದು. ಹುಡುಗರು ಬೆಂಚು ಗುದ್ದಿ ವಾದಿಸಿದರು. ಅಂಥ ತರಗತಿ ಎಂದರೆ ನನಗೆ ಹಬ್ಬ.

ಸಂಜೆ ಇಳಕಲ್ಲಿನ ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತ ಅಪ್ಪನಿಗೂ ಇದನ್ನೇ ಹೇಳಿದೆ.

"ತಪ್ಪು ಮಾಡಿದಾವ ಮೊದಲ ತಪ್ಪಾತು ಅನ್ನಬೇಕು. ಉಳದದ್ದೆಲ್ಲ ಆಮ್ಯಾಲ," ಎಂದ ಅಪ್ಪ.

ಗೋಡೆಯಾಚೆಯ ಮನೆಯಿಂದ ಕಾಕಾನ ದನಿ ಬಂತು. "ಹಂಗ ಕಾಯ್ಕೋತ ಕುಂತ್ರ ಆ ದೇಶದಾಗ ಒಂದ ಸಾಲೀನೂ ಆಗಂಗಿಲ್ಲ. ಮೊದಲ ಕೆಲಸ ಹಿಡೀಲಿ."

ನಾನು ಕಪ್ಪು ಕೆಳಗಿಟ್ಟೆ. ಪಟ್ಟಣದ ಚುನಾವಣೆಯಲ್ಲಿ ಬೇರೆ ಬೇರೆ ಪಕ್ಷ ಹಿಡಿದು, ನಡುಬೀದಿಯಲ್ಲಿ ಬೈದಾಡಿಕೊಂಡ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಈಗ, ಇಬ್ಬರೂ ಕಣ್ಣಿಂದ ಕಾಣದ ದೇಶದ ನೆಪದಲ್ಲಿ, ಗೋಡೆಗೆ ಹೇಳಿದಂತೆ ಮಾತಾಡುತ್ತಿದ್ದರು! ಮರುದಿನವೂ ಅದೇ ನಡೆಯಿತು. ನಾನು ಬೇಕೆಂದೇ ದಿನಾ ಆ ದೇಶದ ಒಂದಿಷ್ಟು ಸುದ್ದಿ ತಂದು ಜೋರಾಗಿ ಹೇಳತೊಡಗಿದೆ. ಸುಳ್ಳೇಕೆ, ಭಾರಿ ಖುಷಿಯಾಗುತ್ತಿತ್ತು.

ಆದರೆ ಕಾಕಾನ ಮಗಳ ಮದುವೆ ಹತ್ತಿರ ಬಂದಿತ್ತು. ಮನೆಮಗಳ ಮದುವೆ ಸೀರೆ ಮನೆಯ ಮಗ್ಗದಲ್ಲೇ ಆಗಬೇಕೆಂಬುದು ನಮ್ಮ ಪದ್ಧತಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆ ಬೇರೆ, ಸೆರಗಿನ ಕೆಂಪು ಎಳೆ ಬೇರೆ. ಎರಡನ್ನೂ ಮನೆಯ ಹೆಂಗಸರು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ. ಒಡಲಿನ ಎಳೆ ಕಾಕಾನ ಮಗ್ಗದ ಮೇಲಿತ್ತು. ಸೆರಗಿನ ಎಳೆ ಎಂದಿನಂತೆ ನಮ್ಮಲ್ಲಿ ತಯಾರಾಗಿ ಗೂಟಕ್ಕೆ ತೂಗುತ್ತಿತ್ತು. ಅವನೇ ಬಂದು ಕೇಳಲಿ ಎಂದು ಅಪ್ಪ, ಇವರೇ ಕಳಿಸಲಿ ಎಂದು ಕಾಕಾ. ಕೊನೆಗೆ ಬಾಗಲಕೋಟೆಯ ಅಂಗಡಿಯಿಂದಲೇ ಸೀರೆ ತರುವ ಮಾತಾಯಿತು.

"ಅಂಗಡಿ ಸೀರಿ ನಾ ಉಡಂಗಿಲ್ಲ ಅಕ್ಕಾ," ಎಂದು ತಂಗಿ ಬಾವಿಕಟ್ಟೆಯ ಹತ್ತಿರ ಕಣ್ಣೀರು ಹಾಕಿದಳು. ನನಗೆ ಇಬ್ಬರು ಮುದುಕರ ಮೇಲೂ ಮೈಯೆಲ್ಲ ಉರಿದುಹೋಯಿತು. ಅವತ್ತು ಯಾವ ದೇಶದ ಸುದ್ದಿಯನ್ನೂ ಎತ್ತಲಿಲ್ಲ.

ಅಪ್ಪ ತಾನೇ ಶುರುಮಾಡಿದ. "ತಪ್ಪಾತು ಅನ್ನದವ್ರ ಕೂಡ ಎಂಥಾ ಸರಕಾರ?"

ಗೋಡೆಯಾಚೆ ಬಾಗಿಲು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನೋಡಿದರೆ ಕಾಕಾ ನಮ್ಮ ಬಾಗಿಲಲ್ಲಿ ನಿಂತಿದ್ದ.

"ಆ ದೇಶದ್ದು ಇರ್ಲಿ ಅಣ್ಣಾ. ಅವತ್ತ ನಡುಬೀದ್ಯಾಗ ನಿನಗ ಹಂಗ ಅಂದದ್ದು ನಂದ ತಪ್ಪಾತು."

ಅಷ್ಟು ದಿನ ಇದೊಂದೇ ಮಾತಿಗೆ ಪಟ್ಟು ಹಿಡಿದಿದ್ದ ಅಪ್ಪ ತಬ್ಬಿಬ್ಬಾದ. ತಮ್ಮನ ಮುಖ ನೋಡಲಾರದೆ ಗೂಟದಿಂದ ಕೆಂಪು ಎಳೆ ಇಳಿಸಿ ಅವ್ವನ ಕೈಗೆ ಕೊಟ್ಟ.

"ತಪ್ಪು ಒಪ್ಪು ಎಲ್ಲಾ ಆಮ್ಯಾಲ ನೋಡೂಣು," ಎಂದ. "ಮೊದಲ ಹೋಗಿ ಕೊಂಡಿ ಹಾಕ್ರಿ."