ಅಂಗೈಯಗಲದ ಯಲ್ಲವ್ವ

ನಮ್ಮ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಒಣದ್ರಾಕ್ಷಿ ಕೊಳ್ಳುವುದಕ್ಕೆ ಒಂದು ಪದ್ಧತಿಯುಂಟು. ಕಾಲು ಕಿಲೋದ ಗಿರಾಕಿಯಾಗಿರಲಿ, ಲಾರಿಗಟ್ಟಲೆ ಒಯ್ಯುವ ವ್ಯಾಪಾರಿಯಾಗಿರಲಿ, ಮೊದಲು ಪೆಟ್ಟಿಗೆಗೆ ಕೈಹಾಕಿ ಒಂದು ಕಾಳನ್ನು ಬಾಯಿಗೆ ಹಾಕಿಕೊಳ್ಳಬೇಕು. ಹುಳಿಯೆಂದೋ ಸಿಹಿಯೆಂದೋ ಬಾಯಿಬಿಡುವುದು ಆಮೇಲೆ. ತಿನ್ನದೆ ಮೂಗು ಮುರಿದವನನ್ನೂ ತಿನ್ನದೆ ಹೊಗಳಿದವನನ್ನೂ ಅಂಗಡಿಯ ಇಸ್ಮಾಯಿಲ್ ಸಾಹೇಬರು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. “ತಿಂದ ಮಾತಾಡ್ರಿ” ಎಂಬುದೊಂದೇ ಅವರ ಶಾಸ್ತ್ರ. ಈ ಶಾಸ್ತ್ರದ ನೆಪದಲ್ಲಿ ನಾನು ಬಿಟ್ಟಿ ತಿಂದ ದ್ರಾಕ್ಷಿ ಎಷ್ಟೆಂದು ಇಲ್ಲಿ ಹೇಳಹೋಗುವುದಿಲ್ಲ. ಈಗ ಸಿಟ್ಟಿನಲ್ಲಿದ್ದೇನೆ, ವಿಷಯಾಂತರ ಬೇಡ.

ಸಿಟ್ಟು ಒಂದು ಕಲಾಪತ್ರಿಕೆಯ ಮೇಲೆ. ಸಮಕಾಲೀನ ಕಲೆಗೆಂದೇ ಮೀಸಲಾದ, ನುಣುಪು ಕಾಗದದ, ಮೂಸಿದರೆ ಹೊಸ ಮಸಿಯ ವಾಸನೆ ಬರುವ ಆ ತ್ರೈಮಾಸಿಕಕ್ಕೆ ನಾನು ಹಳೆಯ ಚಂದಾದಾರ. ಬಬಲೇಶ್ವರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತನಾದವನಿಗೆ ಕಲೆಯ ಗೊಡವೆ ಏಕೆಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಾಳೆ. ಆದರೆ ಗ್ಯಾಲರಿಗಳಿಲ್ಲದ ಸೀಮೆಯಲ್ಲಿ ಬದುಕುವವನಿಗೆ ಪತ್ರಿಕೆಯೇ ಗ್ಯಾಲರಿ. ‘ಆಯಾಮ’, ‘ಅನುಸಂಧಾನ’, ‘ಅಂತರ್ಗತ ಬಿಕ್ಕಟ್ಟು’ ಮುಂತಾದ ಪದಸಂಪತ್ತನ್ನೆಲ್ಲ ನಾನು ಗಳಿಸಿದ್ದು ಅಲ್ಲಿಂದಲೇ. ಒಮ್ಮೆ ದೀಪಾವಳಿಯಲ್ಲಿ ಮನೆಯಾಕೆಯ ರಂಗೋಲಿಯನ್ನು ಕಿಟಕಿಯಿಂದಲೇ ನೋಡಿ, ಇದರಲ್ಲಿ ಪರಂಪರೆಯೊಂದಿಗಿನ ಅನುಸಂಧಾನವಿದೆ ಎಂದುಬಿಟ್ಟೆ. ಬೈದೆನೆಂದು ತಿಳಿದು ಆಕೆ ಸಂಜೆಯ ಚಹಾ ನಿಲ್ಲಿಸಿದಳು. ಆ ಶಿಕ್ಷೆ ನ್ಯಾಯವೆಂದೇ ಈಗ ಅನ್ನಿಸುತ್ತದೆ. ಅಂಗಳಕ್ಕಿಳಿದು ನೋಡುವಷ್ಟು ಸೌಜನ್ಯವೂ ನನಗಿರಲಿಲ್ಲವಲ್ಲ.

ರುಕ್ಸಾನಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ತಿಕೋಟಾದ ಹೈಸ್ಕೂಲೊಂದರಲ್ಲಿ ಚಿತ್ರಕಲೆಯ ಶಿಕ್ಷಕಿ. ಹತ್ತಿರದ ಘೋಣಸಗಿ ಹಳ್ಳಿಯಲ್ಲಿ ಆಕೆಯ ಪರಿಚಯದವರೊಬ್ಬರು ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೊದಿಸಿ ಹಳತಾದ ತಾಡಪತ್ರಿಯೊಂದನ್ನು, ಅಂದರೆ ಟಾರ್ಪಾಲಿನ್ನನ್ನು, ಕೊಟ್ಟರು. ಅದನ್ನು ಶೆಡ್ಡಿನ ಪಕ್ಕದ ಗೋಡೆಗೆ ಕಟ್ಟಿ, ಗೋಡೆಗೆ ಬಣ್ಣ ಬಳಿಯುವ ದಪ್ಪ ಕುಂಚದಿಂದ, ಅಲ್ಲಿ ಕುಳಿತು ದ್ರಾಕ್ಷಿಯ ಕಡ್ಡಿ ಆರಿಸುವ ಹೆಂಗಸರನ್ನು ಆಕೆ ಚಿತ್ರಿಸಿದಳು. ಚಿತ್ರದಲ್ಲಿ ಅವರು ಕುಳಿತಿಲ್ಲ. ಕೆಲಸ ಮುಗಿಸಿ ಎದ್ದುನಿಂತಿದ್ದಾರೆ, ತಮ್ಮ ನಿಜವಾದ ಎತ್ತರದಲ್ಲಿ. ಎದುರು ಹೋಗಿ ನಿಂತೆನೆಂದರೆ ಅವರ ಕಣ್ಣು ನನ್ನ ಕಣ್ಣಿಗೆ ಸರಿಯಾಗಿ ಕೂಡುತ್ತದೆ. ದಿನವಿಡೀ ಬಗ್ಗಿದ ತಲೆಗಳನ್ನೇ ನೋಡಿದ ನಮಗೆ ಆ ನೋಟವನ್ನು ತಾಳಿಕೊಳ್ಳುವುದು ಸುಲಭವಲ್ಲ. ನಾನಂತೂ ಕನ್ನಡಕ ತೆಗೆದು ಒರೆಸುವ ನೆಪ ಮಾಡಿದೆ.

ಚಿತ್ರದ ನಡುವೆ ನಿಂತವಳು ಯಲ್ಲವ್ವ, ಆ ಗುಂಪಿನ ಹಿರಿಯಳು. ಬಣ್ಣ ಇನ್ನೂ ಹಸಿಯಿದ್ದಾಗಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ಜಗಳ ತೆಗೆದಳಂತೆ. “ಯವ್ವಾ, ನನ್ನ ಮೂಗ ಇಷ್ಟ ದೊಡ್ಡದೈತೇನ? ನನ್ನ ಮ್ಯಾಲ ಏನ ಸಿಟ್ಟೈತಿ ನಿನಗ?” ರುಕ್ಸಾನಾ ಮೂಗನ್ನು ಬಿಟ್ಟುಕೊಡಲಿಲ್ಲ. ಆದರೆ ಆ ಜಗಳದಲ್ಲಿ ಯಲ್ಲವ್ವನ ಮುಖವನ್ನು ಹತ್ತಿರದಿಂದ ದಿಟ್ಟಿಸಿದವಳು, ಮರುದಿನ ಬಂದು ಕಣ್ಣುಗಳನ್ನು ತಿದ್ದಿದಳು. ಈಗ ನಮ್ಮನ್ನು ತಡೆದು ನಿಲ್ಲಿಸುವ ಕಣ್ಣುಗಳು ಅವೇ.

ಈ ಚಿತ್ರದ ಸುದ್ದಿಯನ್ನು ನಮ್ಮ ಪತ್ರಿಕೆಗೆ ಮುಟ್ಟಿಸಿದವನು ನಾನೇ. ಅವರು ವಾಟ್ಸಾಪಿನಲ್ಲಿ ಚಿತ್ರದ ಫೋಟೊ ಕೇಳಿದರು, ಕಲಾವಿದೆಯ ಫೋಟೊ ಕೇಳಿದರು, ಊರಿನ ಹೆಸರು ಕೇಳಿದರು. ಅಳತೆ ಕೇಳಲಿಲ್ಲ. ಒಮ್ಮೆ ಬಂದು ನೋಡಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.

ಸಂಚಿಕೆ ಬಂತು. ಪುಟದ ಮೂಲೆಯಲ್ಲಿ ಅಂಚೆಚೀಟಿಗಿಂತ ತುಸು ದೊಡ್ಡದಾಗಿ ಚಿತ್ರ, ಸುತ್ತಲೂ ಸಮೃದ್ಧ ವಿಮರ್ಶೆ. ವಿಜಯಪುರವೆಂದ ಕೂಡಲೇ ವಿಮರ್ಶಕರಿಗೆ ಆದಿಲ್‌ಶಾಹಿ ಕಾಲದ ಸೂಕ್ಷ್ಮಚಿತ್ರಗಳು ನೆನಪಾಗಿವೆ. ಹಾಗಾಗಿ ರುಕ್ಸಾನಾ ಆ ಪರಂಪರೆಯ ವಾರಸುದಾರಳು. ಕೂದಲೆಳೆಯ ಕುಂಚದಿಂದ, ಅಂಗೈಯಗಲದ ಅವಕಾಶದಲ್ಲಿ, ಗ್ರಾಮೀಣ ಸ್ತ್ರೀಯ ಮೌನವನ್ನು ಆಕೆ ಹಿಡಿದಿಟ್ಟಿದ್ದಾಳಂತೆ! ಅಂಗೈಯಗಲವಂತೆ! ಆ ತಾಡಪತ್ರಿಯನ್ನು ಬಿಚ್ಚಿ ಹೊತ್ತು ತರಬೇಕಾದರೆ ನಾಲ್ಕು ಆಳು ಬೇಕು. ಇನ್ನು ಯಲ್ಲವ್ವನ ಮೌನ! ಅದನ್ನು ಕೇಳಿದ ಪುಣ್ಯಾತ್ಮ ಘೋಣಸಗಿಯಲ್ಲಿ ಇನ್ನೂ ಹುಟ್ಟಿಲ್ಲ.

ಕೂಡಲೇ ಸಂಪಾದಕರಿಗೆ ಫೋನು ಮಾಡಿ ತಿದ್ದುಪಡಿ ಕೇಳಿದೆ. ಬೆಂಗಳೂರಿನ ಆ ಸಜ್ಜನರು ಸಮಾಧಾನದಿಂದಲೇ, “ಹೊಗಳಿಯೇ ಇದ್ದಾರಲ್ಲ ಸಾರ್, ಬೈದಿದ್ರೆ ತಿದ್ದುಪಡಿ ಹಾಕ್ಬಹುದಿತ್ತು” ಎಂದರು. ನೀವೇ ಹೇಳಿ, ಇದಕ್ಕೆ ಏನನ್ನಬೇಕು? ನೋಡಿ ಬೈದರೆ ಕಲಾವಿದೆ ತಿದ್ದಿಕೊಂಡಾಳು, ಜಗಳವಾಡಿಯಾಳು, ಅತ್ತು ಮತ್ತೆ ಕುಂಚ ಹಿಡಿದಾಳು. ನೋಡದೆ ಹೊಗಳಿದರೆ ಆಕೆ ಏನು ಮಾಡಬೇಕು? ತಾಡಪತ್ರಿ ನಾಳೆ ಬಿಸಿಲಿಗೆ ಹರಿದುಹೋಗುತ್ತದೆ, ನುಣುಪು ಕಾಗದ ಗ್ರಂಥಾಲಯದಲ್ಲಿ ಉಳಿಯುತ್ತದೆ. ಮುಂದೆ ಯಾರೋ ಆ ಪುಟವನ್ನೇ ಆಧಾರವಾಗಿಟ್ಟು ಮಹಾಪ್ರಬಂಧ ಬರೆಯುತ್ತಾರೆ. ಚಿತ್ರವನ್ನು ಜನರ ಹತ್ತಿರಕ್ಕೆ ಒಯ್ಯಬೇಕಾದ ಪತ್ರಿಕೆಯೇ ಚಿತ್ರಕ್ಕೆ ಅಡ್ಡ ನಿಂತಿತಲ್ಲ ಎಂದು ನನಗೆ ಉರಿದುಹೋಯಿತು.

ಉರಿಗೆ ತುಪ್ಪ ಸುರಿಯಲು ಆಮಂತ್ರಣವೂ ಬಂತು. ಲೇಖನ ಓದಿದ ದೊಡ್ಡ ಊರಿನ ಗ್ಯಾಲರಿಯೊಂದು ಸೂಕ್ಷ್ಮಚಿತ್ರಗಳ ಪ್ರದರ್ಶನಕ್ಕೆ ರುಕ್ಸಾನಾಳನ್ನು ಕರೆಯಿತು. ಗಾಜಿನ ಪೆಟ್ಟಿಗೆ ಸಿದ್ಧವಿದೆಯೆಂದೂ ತಿಳಿಸಿತು. ಆಕೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಅಷ್ಟು ದೊಡ್ಡದಕ್ಕೆ ಜಾಗವಿಲ್ಲ, ಲೇಖನದಲ್ಲಿ ಬರೆದ ಹಾಗೆ ಅದನ್ನೇ ಚಿಕ್ಕದಾಗಿ ಮಾಡಿಕೊಡಿ ಎಂಬ ಉತ್ತರ ಬಂತು. ಟೋಪಿ ಚಿಕ್ಕದಾಯಿತೆಂದು ತಲೆ ಕೆತ್ತಿಸಿಕೊಳ್ಳುವ ಸಲಹೆ ಇದು! ರುಕ್ಸಾನಾ ಒಲ್ಲೆನೆಂದಳು. “ಯಲ್ಲವ್ವ ನನಗಿಂತ ಗೇಣ ಎತ್ತರ ಅದಾಳ್ರಿ ಸರ್. ಆಕಿನ್ನ ಗಾಜಿನ ಪೆಟಗಿಯಾಗ ಹೆಂಗ ಹಾಕ್ಲಿ?” ಎಂದು ನನ್ನೆದುರು ನಕ್ಕಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಪ್ರದರ್ಶನ ಅವಳಿಲ್ಲದೆ ನಡೆದುಹೋದ ಮೇಲೆ ಒಂದು ದಿನ ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವಳು, ಬಸ್ಸಿನ ಕಡೆ ನೋಡುತ್ತಲೇ ಕೇಳಿದಳು: “ತಪ್ಪ ಮಾಡಿದ್ನೇನ್ರಿ ಸರ್? ಇನ್ನ ಮತ್ತ ಯಾರ ಕರೀತಾರ ನನ್ನ?” ಇಷ್ಟು ವರ್ಷ ಪತ್ರಿಕೆ ಓದಿ ಗಳಿಸಿದ ಪದಸಂಪತ್ತಿನಿಂದ ‘ಅಂತರ್ಗತ ಬಿಕ್ಕಟ್ಟು’ ಎಂದೇನೋ ಶುರುಮಾಡಿದೆ, ಅಷ್ಟರಲ್ಲಿ ಆಕೆಯ ಬಸ್ಸು ಬಂತು.

ನಿನ್ನೆ ಆಕೆಯ ಪ್ರಶ್ನೆಯನ್ನು ಹೊತ್ತುಕೊಂಡೇ ಸ್ಟೇಷನ್ ರಸ್ತೆಗೆ ಹೋದೆ. ಇಸ್ಮಾಯಿಲ್ ಸಾಹೇಬರು ಎಂದಿನಂತೆ ಪೆಟ್ಟಿಗೆ ಮುಂದೆ ಸರಿಸಿ, “ಹೊಸಾ ಮಾಲ ಬಂದೈತಿ, ತಿಂದ ಮಾತಾಡ್ರಿ” ಎಂದರು. ಬಾಯಿಯ ಹತ್ತಿರ ಹೋದ ಕೈ ತಡೆದು ನಿಂತಿತು. ಆ ಒಂದು ಕಾಳನ್ನು ಅಂಗೈಯಲ್ಲಿಟ್ಟು ಫೋಟೊ ತೆಗೆದು, ‘ಇದು ಸಿಹಿಯೋ ಹುಳಿಯೋ, ದಯವಿಟ್ಟು ತಿಳಿಸಿ’ ಎಂದು ಬರೆದು ಸಂಪಾದಕರಿಗೆ ಕಳಿಸಿದೆ. ಈ ವಯಸ್ಸಿನಲ್ಲಿ ಇದು ಹುಡುಗಾಟವೆಂದು ಗೊತ್ತು, ಆದರೆ ಸಿಟ್ಟಿಗೆ ವಯಸ್ಸಾಗುವುದಿಲ್ಲ.

ಚೀಲ ಕಟ್ಟಿಸಿಕೊಳ್ಳುವಷ್ಟರಲ್ಲಿ ಉತ್ತರ ಬಂತು: ‘ತಿನ್ನದೆ ಹೇಗೆ ಹೇಳಲಿ ಸಾರ್?’

ನಾನು ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಘೋಣಸಗಿಗೆ ಬರುವ ದಾರಿಯನ್ನು ವಿವರವಾಗಿ ಬರೆದು ಕಳಿಸಿದೆ. ನನ್ನ ಪ್ರಶ್ನೆಯನ್ನೂ ಸಂಪಾದಕರ ಉತ್ತರವನ್ನೂ ರುಕ್ಸಾನಾಳಿಗೆ ತಲುಪಿಸಿದೆ. ಸಂಪಾದಕರಿಂದ ಇದುವರೆಗೆ ಸದ್ದಿಲ್ಲ. ರುಕ್ಸಾನಾ ಮಾತ್ರ ಆಗಲೇ ಬರೆದಳು: ‘ಬಂದ್ರ ಯಲ್ಲವ್ವನ ಮುಂದ ನಿಲ್ಲಸ್ರಿ ಸರ್. ಅಳತಿ ತಾನ ತಿಳೀತದ.’

ಕೈಯಲ್ಲಿದ್ದ ಕಾಳನ್ನು ಆಮೇಲೆ ಬಾಯಿಗೆ ಹಾಕಿಕೊಂಡೆ. ಹುಳಿಯಿತ್ತು.