‘ಇಲ್ಲ’ ಎಂದವಳ ದನಿ

ಆ ಸಿನಿಮಾದ ಹುಡುಗಿ ‘ಇಲ್ಲ’ ಎನ್ನುವುದು ಒಂದೇ ಸಲ. ಎದುರಿಗೆ ಕುಳಿತ ವೈದ್ಯ ಆಗಷ್ಟೇ ಅವಳ ಬದುಕಿಗೆ ಅರ್ಥ ಹೇಳಿ ಮುಗಿಸಿರುತ್ತಾನೆ. ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಆ ಒಂದು ಪದ ಹೇಳಿ ಸುಮ್ಮನಾಗುತ್ತಾಳೆ. ಅದನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಕರೆಸಿದ್ದರು.

ನಾನು ಡಬ್ಬಿಂಗ್ ಕೆಲಸದವಳು. ಪರದೇಶದ ಸಿನಿಮಾಗಳು ನಿಮ್ಮ ಮೊಬೈಲಿಗೆ ಕನ್ನಡದಲ್ಲಿ ಬರುತ್ತವಲ್ಲ, ಆ ದನಿಗಳಲ್ಲಿ ನನ್ನದೂ ಒಂದು. ಅಪ್ಪ ಕೇಂದ್ರ ಸರಕಾರದ ಕಾರ್ಖಾನೆಯೊಂದರ ನೌಕರಿ ಹಿಡಿದು ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದವರು. ನಾನು ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು, ಆ ಮದುವೆ ಮುರಿದದ್ದು ಎಲ್ಲ ಇಲ್ಲೇ. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ, ಮನೆಯೊಳಗೆ ಮಾತ್ರ ನಮ್ಮ ಕನ್ನಡ. ಹಿಮಾಯತ್‌ನಗರದಲ್ಲಿ ಬಟ್ಟೆಯಂಗಡಿಯೊಂದರ ಮೇಲಿರುವ ಸ್ಟುಡಿಯೊಕ್ಕೆ ಹೋದಾಗ ಚಪ್ಪಲಿಯ ಜೊತೆಗೆ ಆ ಮನೆಯ ಕನ್ನಡವನ್ನೂ ಬಾಗಿಲ ಹೊರಗೆ ಬಿಡಬೇಕು. ಮೈಕಿನ ಮುಂದೆ ಬೆಂಗಳೂರಿನವಳಂತೆ ಮಾತಾಡಬೇಕು. ಅದಕ್ಕೆ ನನ್ನ ತಕರಾರಿರಲಿಲ್ಲ, ಹೊಟ್ಟೆಪಾಡು.

ಸಿನಿಮಾ ಮನೋವಿಶ್ಲೇಷಣೆಯೆಂಬ ವಿದ್ಯೆ ಆಗತಾನೇ ಹುಟ್ಟುತ್ತಿದ್ದ ಕಾಲದ್ದು. ಯುರೋಪಿನ ಒಂದು ಊರು, ಕುದುರೆಗಾಡಿಗಳು, ಚುರುಟಿನ ಹೊಗೆ, ರೋಗಿಯನ್ನು ಮಲಗಿಸಿ ಮಾತಾಡಿಸುವ ಹೊಸ ವೈದ್ಯರು. ಶ್ರೀಮಂತರ ಮನೆಯ ಹುಡುಗಿಯೊಬ್ಬಳಿಗೆ ಇದ್ದಕ್ಕಿದ್ದಂತೆ ದನಿ ಹೋಗುತ್ತದೆ. ಗಂಟಲಲ್ಲಿ ದೋಷವೇನಿಲ್ಲ. ಅವಳ ತಂದೆ ಅವಳನ್ನು ಒಬ್ಬ ಹೆಸರುವಾಸಿ ವೈದ್ಯನ ಬಳಿ ಕರೆತರುತ್ತಾನೆ. ನಿಧಾನಕ್ಕೆ ದನಿ ಮರಳುತ್ತದೆ. ಮನೆಗೆ ಸಂಗೀತ ಕಲಿಸಲು ಬರುತ್ತಿದ್ದವನು ತನ್ನನ್ನು ಹಿಡಿದೆಳೆದದ್ದನ್ನು ಅವಳು ಹೇಳುತ್ತಾಳೆ. ವೈದ್ಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ಅವನ ಮೇಲೆ ನಿನಗೇ ಆಸೆಯಿತ್ತು, ಅದನ್ನು ಒಪ್ಪಿಕೊಳ್ಳಲಾರದೆ ದನಿ ಕಳೆದುಕೊಂಡೆ’ ಎನ್ನುತ್ತಾನೆ. ಆಗಲೇ ಅವಳು ‘ಇಲ್ಲ’ ಎನ್ನುವುದು. ‘ಇಷ್ಟು ಗಟ್ಟಿಯಾಗಿ ಇಲ್ಲ ಎನ್ನುತ್ತೀಯಲ್ಲ, ಹೌದು ಎಂಬುದಕ್ಕೆ ಅದೇ ಸಾಕ್ಷಿ’ ಎಂದು ವೈದ್ಯ ಮುಗುಳ್ನಗುತ್ತಾನೆ. ಅವಳು ಎದ್ದು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಉಳಿದ ಸಿನಿಮಾವೆಲ್ಲ ವೈದ್ಯರದು: ಅವರವರ ಜಗಳ, ಅವರವರ ಕೀರ್ತಿ.

ಕಳೆದುಹೋದ ದನಿ ಮರಳಿ ಬಂದಾಗ ಹೇಗಿರುತ್ತದೆ ಎಂದು ನನಗೆ ತಿಳಿಯಬೇಕಿತ್ತು. ನನ್ನ ಚಿಗವ್ವ, ಅಂದರೆ ಅವ್ವನ ತಂಗಿಗೆ, ನಾನು ಶಾಲೆಗೆ ಹೋಗುತ್ತಿದ್ದಾಗ ಹಾಗಾಗಿತ್ತು. ಆಗ ನಾವು ಸನತ್‌ನಗರದಲ್ಲಿದ್ದೆವು. ಚಿಗವ್ವ ನಮ್ಮ ಮನೆಯಲ್ಲೇ ಇದ್ದುಕೊಂಡು, ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ಗುಳಿಗೆ ಡಬ್ಬಿಗೆ ತುಂಬುವ ಕೆಲಸ ಮಾಡುತ್ತಿದ್ದಳು. ಒಂದು ದಿನ ಅವಳ ಮಾತು ನಿಂತಿತು. ಏನು ಬೇಕಿದ್ದರೂ ಕೈಸನ್ನೆ. ಅಪ್ಪ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಅಪ್ಪನ ಜೊತೆ ಮಾತಾಡಿ, ‘ಶಾದಿ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ’ ಎಂದರಂತೆ. ಮದುವೆಯಾಯಿತು. ತಾಳಿ ಬಿದ್ದ ಮೇಲೆ ದನಿ ಬಂತು, ಡಾಕ್ಟರ ಮಾತು ಎಷ್ಟು ನಿಜವಾಯಿತು ನೋಡಿ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಇಷ್ಟೇ.

ಚಿಗವ್ವ ಈಗ ಉಪ್ಪಲ್‌ನಲ್ಲಿ ಮಗನ ಜೊತೆ ಇದ್ದಾಳೆ. ನಾನು ಹೋದಾಗ ಬಾಗಿಲಲ್ಲಿ ಕುಳಿತು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು.

“ಚಿಗವ್ವ, ಆಗ ನಿನ್ನ ದನಿ ಹೋಗಿತ್ತಲ್ಲ, ಮತ್ತ ಬಂದಾಗ ಹ್ಯಾಂಗಿತ್ತು? ನೆನಪೈತೇನು?”

“ಈಗ್ಯಾಕ ಬೇಕಾತು ನಿನಗ?”

ಸಿನಿಮಾದ ಕಥೆ ಹೇಳಿದೆ. ಅವಳು ಎಲೆ ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

“ಡಾಕ್ಟರು ಹಂಗಂದನೇನು? ಆ ಹುಡುಗಿ ಅಪ್ಪ ಏನಂದ?”

“ಡಾಕ್ಟರು ಹೇಳಿದ್ದs ಖರೆ ಅಂದ.”

ಚಿಗವ್ವ ಕಡ್ಡಿಗಳನ್ನು ಒಂದು ಕಡೆ ಒಟ್ಟಿದಳು. “ನಮ್ಮ ಕಾರ್ಖಾನ್ಯಾಗೂ ಒಬ್ಬ ಸೂಪರ್‌ವೈಸರ್ ಇದ್ದ. ಖಾಲಿ ಡಬ್ಬಿ ತಗೊಂಬಾ ಅಂತ ಮಾಲಿನ ಖೋಲಿಗೆ ಕಳಸ್ತಿದ್ದ, ಹಿಂದಿಂದ ತಾನೂ ಬರ್ತಿದ್ದ.”

“ನನಗ ಇದು ಗೊತ್ತಿದ್ದಿಲ್ಲ.”

“ಸಾಲಿ ಹುಡುಗಿ ನೀ, ನಿನಗೆಲ್ಲಿಂದ ಗೊತ್ತಾಗಬೇಕು? ನಿಮ್ಮಪ್ಪಗ ಹೇಳಿದೆ. ಮಾಮಾ, ಅಂವ ಹಿಂಗ ಮಾಡ್ತಾನ್ರಿ, ನೀವೊಮ್ಮೆ ಬಂದು ಮಾತಾಡ್ರಿ ಅಂದೆ. ನಿಮ್ಮಪ್ಪ ನಕ್ಕರು. ‘ನೀ ನಕ್ಕೊಂತ ಮಾತಾಡಿರ್ತಿ, ಅದಕ್ಕ ಅಂವ ಸಲಿಗಿ ತಗೊಂಡಾನ’ ಅಂದರು. ನಿಮ್ಮವ್ವ ಅಲ್ಲೇ ರೊಟ್ಟಿ ಬಡಿಯಾಕತ್ತಿದ್ದಳು. ತಲಿ ಎತ್ತಲಿಲ್ಲ.”

ಚಿಗವ್ವ ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದಳು.

“ಮರುದಿನ ಮುಂಜಾನೆ ಬಾಯಿ ತೆಗೀತೀನಿ, ದನಿ ಇಲ್ಲ. ಎಲ್ಲಾರೂ ಅಂಜಿಕಿಗೆ ಹೋತು ಅಂದರು. ಅಂವ ಮುಟ್ಟಿದಾಗ ನನ್ನ ದನಿ ಛಲೋನ ಇತ್ತವಾ, ಒದರಿದ್ದೆ. ನಿಮ್ಮಪ್ಪ ನಕ್ಕ ಮ್ಯಾಲ ಹೋತು.”

“ಮತ್ತ ಮದುವಿ ಆದಮ್ಯಾಲ ಬಂತಂತ ಅಪ್ಪ...”

“ಮದುವಿ ಎಲ್ಲೀದು? ಅದಕ್ಕೂ ಮದಲs ಬಂದಿತ್ತು. ಕಾರ್ಖಾನಿ ಬಿಡಿಸಿದರಲ್ಲ, ಒಂದಿನ ಹಾಲಿನವ ನೀರು ಹಾಕಿ ತಂದಿದ್ದ, ಜಗಳಾಡಾಕ ಬಾಯಿ ತೆಗೆದೆ, ಬಂತು. ಮನ್ಯಾಗ ಯಾರೂ ಇದ್ದಿಲ್ಲ, ನಾನೂ ಮದುವಿ ತನಕ ನಿಮ್ಮ ಯಾರ ಮುಂದೂ ಬಾಯಿ ತೆಗೀಲಿಲ್ಲ. ಯಾರು ಕೇಳ್ಯಾರ ನನ್ನ? ಡಾಕ್ಟರೂ ಕೇಳಲಿಲ್ಲ. ನನ್ನ ಹೊರಗ ಬಾಕಿನ ಮ್ಯಾಲ ಕುಂದರಿಸಿ ನಿಮ್ಮಪ್ಪನ ಕೂಡ ಮಾತಾಡಿದ.”

“ಬಂದಾಗ ಹ್ಯಾಂಗಿತ್ತು?”

“ಒಣಗಿದಂಗ ಇತ್ತು. ಅಳು ಗಿಳು ಏನೂ ಇದ್ದಿಲ್ಲ ಅದರಾಗ.”

ಮೆಟ್ರೊ ಹಿಡಿದು ಮನೆಗೆ ಹೊರಟೆ. ಕಾರ್ಖಾನೆಯ ಆ ಸೂಪರ್‌ವೈಸರನ ಮುಖ ನಾನು ನೋಡಿಲ್ಲ, ಅವನು ಇದ್ದಾನೋ ಸತ್ತಿದ್ದಾನೋ ಗೊತ್ತಿಲ್ಲ. ನನ್ನ ಸಿಟ್ಟು ಅವನನ್ನು ಹುಡುಕಿಕೊಂಡು ಹೋಗಲಿಲ್ಲ, ನೇರ ಮನೆಗೆ ಬಂತು. ಅಪ್ಪ ನನ್ನ ಜೊತೆಯಲ್ಲೇ ಇರುತ್ತಾರೆ. ಅವ್ವ ತೀರಿಕೊಂಡ ಮೇಲೆ ಅವರ ಬಟ್ಟೆ, ಬಿ.ಪಿ. ಗುಳಿಗೆ, ಉಪ್ಪಿಲ್ಲದ ಸಾರು ಎಲ್ಲ ನನ್ನ ಪಾಲು. ಬಾಗಿಲು ತೆಗೆದಾಗ ಟೀವಿಯಲ್ಲಿ ತೆಲುಗು ಸುದ್ದಿ ನೋಡುತ್ತಿದ್ದರು.

“ಅಪ್ಪಾ, ಚಿಗವ್ವ ಆ ಕಾರ್ಖಾನಿ ಸೂಪರ್‌ವೈಸರನ ಸುದ್ದಿ ನಿಮಗ ಹೇಳಿದ್ದಳಂತ. ನೆನಪೈತೇನ್ರಿ?”

“ಅದೆಲ್ಲ ಹಳೇದು. ಈಗ್ಯಾಕ?”

“ನೀವು ನಕ್ಕಿರಂತ.”

“ನಕ್ಕಿದ್ದೆನೇನು? ನನಗ ನೆನಪಿಲ್ಲ.” ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ಮನಿ ಮರ್ಯಾದಿ ನೋಡಬೇಕಾಗಿತ್ತು. ಛಲೋ ಮನಿ ನೋಡಿ ಮದುವಿ ಮಾಡಿಕೊಟ್ಟೆ. ಎಲ್ಲಾ ಛಲೋ ಆತಲ್ಲ?”

“ಛಲೋ ಆತೋ ಇಲ್ಲೋ ಅಂತ ಅಕಿಗೆ ಯಾವತ್ತರ ಕೇಳೀರೇನ್ರಿ?”

ಅವರು ರಿಮೋಟಿನಿಂದ ದನಿ ಹೆಚ್ಚಿಸಿದರು. ನಾನು ಹೋಗಿ ಟೀವಿಯ ಸ್ವಿಚ್ಚನ್ನೇ ಆರಿಸಿದೆ. ಅಪ್ಪ ಕಪ್ಪಗಾದ ಪರದೆಯನ್ನೇ ನೋಡುತ್ತ, “ಒಂದ್ಕಪ್ ಚಾ ಮಾಡು” ಎಂದರು. ಅವತ್ತು ನಾನು ಚಹಾ ಮಾಡಲಿಲ್ಲ. ಮಾಡಿದ್ದರೆ ಕಪ್ಪನ್ನು ಗೋಡೆಗೆ ಎಸೆಯುತ್ತಿದ್ದೆನೇನೋ. ನೂರಾರು ಪುಸ್ತಕಗಳ ನಡುವೆ ಕುಳಿತ ಪರದೇಶದ ಪಂಡಿತನೂ ಟಿಫಿನ್ ಕ್ಯಾರಿಯರ್ ಹಿಡಿದು ಪಾಳಿಗೆ ಹೋಗುತ್ತಿದ್ದ ನನ್ನ ಅಪ್ಪನೂ ಒಂದೇ ಮಾತು ಹೇಳಿದ್ದರಲ್ಲ! ಒಬ್ಬನು ಅದಕ್ಕೆ ಶಾಸ್ತ್ರವೆಂದು ಹೆಸರಿಟ್ಟ, ಇನ್ನೊಬ್ಬರು ಮರ್ಯಾದೆ ಎಂದರು.

ಮುಂದಿನ ವಾರ ಆ ದೃಶ್ಯದ ಸರದಿ ಬಂತು. ನಮ್ಮ ಡಬ್ಬಿಂಗ್ ನಿರ್ದೇಶಕ ಬೆಂಗಳೂರಿನವನು, ಎಂದೂ ದನಿ ಏರಿಸದ ಮನುಷ್ಯ. ಅವನು ಕೊಟ್ಟ ಕನ್ನಡದ ಸ್ಕ್ರಿಪ್ಟಿನಲ್ಲಿ ಆ ಒಂದು ಪದದ ಜಾಗದಲ್ಲಿ ‘ಇ... ಇಲ್ಲ... ಗೊತ್ತಿಲ್ಲ’ ಎಂದಿತ್ತು.

“ಸರ್, ಮೂಲದಲ್ಲಿ ‘ಗೊತ್ತಿಲ್ಲ’ ಅಂತ ಎಲ್ಲಿದೆ?”

“ಭಾವಕ್ಕೆ ಸೇರಿಸಿದ್ದು ಮೇಡಂ. ಅವಳು ಪದ ಹೇಳಿದ ತಕ್ಷಣ ಕ್ಯಾಮೆರಾ ವೈದ್ಯನ ಕಡೆ ತಿರುಗುತ್ತೆ. ಆಮೇಲೆ ತುಟಿ ಕಾಣಲ್ಲ, ಏನು ಸೇರಿಸಿದರೂ ನಡೆಯುತ್ತೆ.”

“ಅವಳ ಮುಖ ನೋಡಿ. ಅವಳಿಗೆ ಗೊತ್ತಿದೆ.”

“ಒಳಗೆ ಅವಳಿಗೂ ಆಸೆ ಇದೆ ಮೇಡಂ, ಅದೇ ಅಲ್ವಾ ಕಥೆ? ಆ ದ್ವಂದ್ವ ದನಿಯಲ್ಲಿ ಬರಬೇಕು. ಕೊನೆಗೆ ಒಂದು ಬಿಕ್ಕು ಕೊಡಿ, ಸಣ್ಣದು.”

“ಆಸೆ ಇತ್ತು ಅಂತ ಹೇಳೋನು ವೈದ್ಯ. ಅವಳು ಎಲ್ಲೂ ಹೇಳಿಲ್ಲ. ನೀವು ಅವನ ಮಾತು ನಂಬಿಕೊಂಡು ಅವಳ ಬಾಯಿಗೆ ತುರುಕ್ತಿದ್ದೀರಿ.”

ಅವನು ನಕ್ಕ. ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ಅವನು ತನ್ನ ಮೈಕಿನ ಗುಂಡಿ ಬಿಟ್ಟಿದ್ದ; ನಗು ನನಗೆ ಕೇಳಿಸಲಿಲ್ಲ, ಹಲ್ಲು ಕಂಡವು, ಅಷ್ಟೇ. ಹೆಡ್‌ಫೋನ್ ಕಿತ್ತಿಡಬೇಕೆನ್ನಿಸಿತು. ಕಿತ್ತಿಟ್ಟರೆ ಬೇರೆ ಯಾರನ್ನೋ ಕರೆಸಿ ಬಿಕ್ಕಿಸುತ್ತಾರೆ ಎಂದು ತಡೆದುಕೊಂಡೆ. “ಒಮ್ಮೆ ನನ್ನ ರೀತಿಯಲ್ಲಿ ತೆಗೆದುಕೊಳ್ಳಿ” ಎಂದೆ. ದೃಶ್ಯ ಓಡಿತು. ನಾನು ‘ಇಲ್ಲ’ ಎಂದೆ, ಒಣಗಿದ ಗಂಟಲಿನಿಂದ, ಹಿಂದೆ ಮುಂದೆ ಏನೂ ಇಲ್ಲದೆ. ಸೌಂಡ್ ಇಂಜಿನಿಯರ್, ಹೈದರಾಬಾದಿನ ಹಳೆಯ ಊರಿನ ಕಡೆಯ ಮಿತಭಾಷಿ, ತಲೆಯೆತ್ತಿ ನನ್ನನ್ನು ನೋಡಿದ. ಇನ್ನೊಂದು ಟೇಕ್ ಬೇಕೆಂದರೂ ನಾನು ಹಾಗೆಯೇ ಹೇಳಿದೆ. ಮೂರನೆಯದಕ್ಕೆ ನಿರ್ದೇಶಕ ಕೈ ಬೀಸಿ, “ಆಯ್ತು ಬಿಡಿ ಮೇಡಂ, ಮುಂದೆ ಹೋಗೋಣ” ಎಂದ. ಗೆದ್ದೆ ಎಂದುಕೊಂಡೆ.

ಸಿನಿಮಾ ಬಿಡುಗಡೆಯಾದ ದಿನ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ಆ ದೃಶ್ಯ ಹಾಕಿಕೊಂಡೆ. ಹುಡುಗಿ ‘ಇಲ್ಲ’ ಎಂದಳು. ಕ್ಯಾಮೆರಾ ವೈದ್ಯನ ಕಡೆ ತಿರುಗಿತು. ಪರದೆಯಲ್ಲಿ ಅವನ ಮುಖವಿರುವಾಗಲೇ ನನ್ನ ದನಿಯ ಒಂದು ನಡುಗುವ ಉಸಿರು ಕೇಳಿಸಿತು, ಅದರ ಬೆನ್ನಿಗೇ ಒಂದು ಬಿಕ್ಕು. ಆ ಬಿಕ್ಕು ನನ್ನದೇ. ಅದೇ ಸಿನಿಮಾದಲ್ಲಿ, ಹುಡುಗಿ ತನ್ನ ಸತ್ತ ಅಜ್ಜಿಯನ್ನು ನೆನೆದು ಅಳುವ ಕಡೆ ನಾನು ಕೊಟ್ಟದ್ದು. ಅದನ್ನು ಅಲ್ಲಿಂದ ಕತ್ತರಿಸಿ ಇಲ್ಲಿ ಅಂಟಿಸಿದ್ದರು.

ಆಟೊ ಹಿಡಿದು ಸ್ಟುಡಿಯೊಕ್ಕೆ ಹೋದೆ. ಇಂಜಿನಿಯರ್ ನನ್ನನ್ನು ಕಂಡೊಡನೆ ಎದ್ದು ನಿಂತ. “ಉನೋ ಬೋಲೇ, ಮೈ ಕರಾ ಮೇಡಂ” ಎಂದ. ಅವರು ಹೇಳಿದರು, ತಾನು ಮಾಡಿದೆ ಎಂದು. ಅವನನ್ನು ಬಿಟ್ಟು ಒಳಗೆ ನಿರ್ದೇಶಕನ ಕೋಣೆಗೆ ನುಗ್ಗಿದೆ.

“ನಾನು ಹೇಳದ ಮಾತನ್ನ ನನ್ನ ದನಿಯಿಂದಲೇ ಹೇಳಿಸಿದ್ದೀರಿ” ಎಂದೆ. ನನ್ನ ಕೂಗು ಕೆಳಗಿನ ಬಟ್ಟೆಯಂಗಡಿಗೂ ಕೇಳಿಸಿರಬೇಕು.

“ಒಂದು ಉಸಿರು ಮೇಡಂ! ಒಂದು ಉಸಿರಿಗೆ ಇಷ್ಟು ರಂಪಾನಾ?”

“ನಾನು ಬೇಡ ಅಂದಿದ್ದೆ.”

“ನೀವು ಅಂದಿದ್ರಿ. ಆದರೆ ಕೇಳಿದವರಿಗೆಲ್ಲ ಇಷ್ಟ ಆಗಿದೆ.” ನಿರ್ದೇಶಕ ದನಿಯನ್ನು ಇನ್ನಷ್ಟು ಮೆದುಮಾಡಿಕೊಂಡ. “ಬೇಜಾರು ಮಾಡ್ಕೋಬೇಡಿ, ನಿಮಗೆ ಮನೇಲಿ ಏನೋ ಟೆನ್ಶನ್ ಇದ್ದಂಗಿದೆ. ಅದು ಇಲ್ಲಿ ಹೊರಗೆ ಬರ್ತಿದೆ. ಯಾರಾದರೂ ಕೌನ್ಸೆಲರ್‌ನ ನೋಡಿ ಮೇಡಂ.”

ಸಿನಿಮಾದ ವೈದ್ಯನ ಮುಂದೆ ಆ ಹುಡುಗಿಗೆ ಏನಾಗಿರಬೇಕೆಂದು ನನಗೆ ಪೂರ್ತಿ ತಿಳಿದದ್ದು ಆಗ. ನಾನು ಏನು ಹೇಳಿದರೂ ಅದು ನನ್ನ ಕಾಯಿಲೆಯ ಲಕ್ಷಣ. ಕೂಗಿದರೆ ರೋಗ, ಸುಮ್ಮನಿದ್ದರೆ ಒಪ್ಪಿಗೆ. “ಇನ್ನು ನಿಮ್ಮ ಯಾವ ಕೆಲಸಕ್ಕೂ ನನ್ನನ್ನು ಕರೀಬೇಡಿ” ಎಂದು ಹೇಳಿ ಇಳಿದು ಬಂದೆ. ಅವನು ಊರೆಲ್ಲ ನನ್ನನ್ನು ತಲೆಕೆಟ್ಟವಳು ಎಂದು ಹೇಳಿಕೊಂಡು ತಿರುಗಿದ. ಕೆಲಸ ಕಡಿಮೆಯಾಯಿತು. ಈಗ ಬೇರೆ ಸ್ಟುಡಿಯೊದಲ್ಲಿ ಕಾರ್ಟೂನಿನ ಮೊಲಕ್ಕೆ, ನರಿಗೆ ದನಿ ಕೊಡುತ್ತೇನೆ. ಆ ಬಿಕ್ಕು ಮಾತ್ರ ಸಿನಿಮಾದಲ್ಲಿ ಹಾಗೆಯೇ ಇದೆ.

ಚಿಗವ್ವ ತಾನೂ ನೋಡಬೇಕೆಂದಳು. ಅವಳ ಮನೆಗೆ ಹೋಗಿ ತೋರಿಸಿದೆ.

“ಇಕಿ ಯಾಕ ಅಳಾಕತ್ತಾಳ?”

“ಅಕಿ ಅಳೂದಿಲ್ಲ ಚಿಗವ್ವ. ಇವರು ಅಳಿಸ್ಯಾರ.” ನಡೆದದ್ದನ್ನೆಲ್ಲ ಹೇಳಿದೆ.

ಅವಳು ಮೊಬೈಲನ್ನು ನನ್ನ ಕೈಗೆ ಮರಳಿಸಿದಳು. ಆ ಭಾನುವಾರ ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು, ನಮ್ಮ ಮನೆಗೆ ಬಂದಳು. ಅಪ್ಪನೆದುರು ಕುರ್ಚಿ ಎಳೆದುಕೊಂಡು ಕುಳಿತಳು.

“ಮಾಮಾ, ನಿಮಗ ನೆನಪಿಲ್ಲ ಅಂದ್ರಂತ. ನನಗ ನೆನಪೈತ್ರಿ. ಅಂವ ನನ್ನನ್ನ ಮಾಲಿನ ಖೋಲಿಗೆ ಕಳಿಸಿ ಹಿಂದಿಂದ ಬರ್ತಿದ್ದ. ನಾ ನಿಮ್ಮ ಹಂತ್ಯಾಕ ಬಂದು ಹೇಳಿದೆ. ನೀವು ನಕ್ಕಿರಿ.”

ಅಪ್ಪ ನನ್ನ ಕಡೆ ನೋಡಿದರು. ನಾನು ನೆರವಿಗೆ ಹೋಗಲಿಲ್ಲ.

“ಆಗಿನ ಕಾಲ ಹಂಗಿತ್ತವಾ” ಎಂದರು.

“ಕಾಲ ನಗಲಿಲ್ಲ ಮಾಮಾ, ನೀವು ನಕ್ಕಿರಿ.”

ಅಪ್ಪ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ‘ತಪ್ಪಾಯಿತು’ ಎನ್ನಲಿಲ್ಲ. ಆ ಮಾತಿಗೆ ನಾನು ಬಹಳ ಹೊತ್ತು ಕಾದೆ. ಚಿಗವ್ವ ಕಾಯಲಿಲ್ಲ. ನಾನು ಕೊಟ್ಟ ಚಹಾ ಕುಡಿದು ಎದ್ದಳು.

ಸ್ಟೇಷನ್ನಿನ ತನಕ ಜೊತೆಗೆ ಹೋದೆ. “ಹೇಳಿದ ಮ್ಯಾಲ ಸ್ವಲ್ಪ ಹಗುರ ಆತೇನು?” ಎಂದು ಕೇಳಿದೆ.

“ಹಗುರ ಯಾರಿಗೆ ಬೇಕಾಗಿತ್ತು?” ಎಂದಳು. “ಅವರಿಗೆ ಭಾರ ಆಗಲಿ ಅಂತ ಬಂದಿದ್ದೆ.”

ಅವಳು ಹೆಂಗಸರ ಡಬ್ಬಿ ಹತ್ತಿ ಹೋದಳು. ನಾನು ಮನೆಗೆ ಮರಳಿದಾಗ ಅಪ್ಪ ಅದೇ ಕುರ್ಚಿಯಲ್ಲಿದ್ದರು, ಟೀವಿ ಹಚ್ಚಿರಲಿಲ್ಲ. ಅವರ ಗುಳಿಗೆಯನ್ನೂ ನೀರನ್ನೂ ಮೇಜಿನ ಮೇಲಿಟ್ಟು ಒಳಗೆ ಹೋದೆ.